ಕರಗದ ಬಾಸಿಂಗ

ಹೋದ ತಿಂಗಳು ನಮ್ಮ ಪಕ್ಕದ ಮನೆಯವರು ಹೊಸ ಮಿಕ್ಸರ್ ತರಿಸಿದರು. ಡಬ್ಬಿ ಬಿಚ್ಚಲು ನನ್ನನ್ನೂ ಕರೆದರು. ಹಿರೇಕೆರೂರಿನಲ್ಲಿ ಇಷ್ಟು ವರ್ಷ ಕಳೆದ ಮೇಲೆ ಓಣಿಯ ಯಾವ ಡಬ್ಬಿಯೂ ನಾನಿಲ್ಲದೆ ಬಿಚ್ಚುವುದಿಲ್ಲ. ಒಳಗೆ ಥರ್ಮಾಕೋಲ್ ಇರಲಿಲ್ಲ. ರದ್ದಿ ಕಾಗದವನ್ನು ಅರೆದು ಅಚ್ಚಿಗೆ ಒತ್ತಿ ಮಾಡಿದ ಬೂದು ಬಣ್ಣದ ಎರಡು ತಟ್ಟೆಗಳ ನಡುವೆ ಮಿಕ್ಸರ್ ಭದ್ರವಾಗಿ ಕೂತಿತ್ತು. ಇದು ಮಣ್ಣಿನಲ್ಲಿ ಕರಗುತ್ತದಂತೆ, ಎಂಥೆಂಥ ಹೊಸದನ್ನು ಕಂಡುಹಿಡಿಯುತ್ತಾರೆ ನೋಡಿ ಎಂದು ಮನೆಯಾಕೆ ಬೆರಗಾದಳು. ತಟ್ಟೆಗಳನ್ನು ಅಂಗಳದ ಮೂಲೆಗೆ ಎಸೆದರು. ಸಂಜೆ ಮಳೆ ಬಂತು. ನೆನೆದ ಕಾಗದದ ವಾಸನೆ ನಮ್ಮ ಪಡಸಾಲೆಯವರೆಗೆ ಹಬ್ಬಿತು, ಅದರ ಜೊತೆಗೆ ಮೆಂತ್ಯದ ವಾಸನೆಯೂ ಬಂತು. ಆ ತಟ್ಟೆಯಲ್ಲಿ ಮೆಂತ್ಯ ಇದ್ದಿರಲಾರದು, ನನಗಂತೂ ಬಂತು. ಬಾಗಿಲು ಹಾಕಿಕೊಂಡು ಒಳಗೆ ಹೋದೆ. ಈ ವಯಸ್ಸಿನಲ್ಲಿ, ಯಾರೂ ನೋಡದಿರುವಾಗ, ಕಿವಿಯವರೆಗೆ ನಾಚಿಕೆ ಏರಿತ್ತು.

ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲದ ಮಾತು. ನನ್ನ ತವರು ಸವಣೂರು. ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾಗಿದ್ದ. ಮಾಘಮಾಸದಲ್ಲಿ ನನ್ನನ್ನು ಹಿರೇಕೆರೂರಿಗೆ ಕೊಟ್ಟರು. ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ಎಲ್ಲರಂತೆ ನನ್ನನ್ನೂ ತವರಿಗೆ ಕಳಿಸಿದರು. ಶ್ರಾವಣ ಹುಟ್ಟಿದ ಮೇಲೆ ಗಂಡನ ಮನೆಯವರು ಬಂದು ಕರೆದೊಯ್ಯುವುದು ರೂಢಿ. ನಾನು ನಾಲ್ಕು ಸೀರೆ ತೊಗೊಂಡು ಬಂದಿದ್ದೆ, ನಾಲ್ಕೇ ವಾರ ಅಲ್ಲವೇ ಎಂದು.

ಆಷಾಢ ಅರ್ಧ ಕಳೆಯುವುದರೊಳಗೆ ಸುದ್ದಿ ಬಂತು, ಅವರು ಕರೆಯಲು ಬರುವುದಿಲ್ಲವಂತೆ. ಕಾರಣ ಹೋಳಿಗೆ. ಮದುವೆಯ ಪಂಕ್ತಿಯಲ್ಲಿ ನನ್ನ ಗಂಡನ ಸೋದರಮಾವನಿಗೆ ಎರಡನೆಯ ಸಲ ಹೋಳಿಗೆ ಬೇಕೇ ಎಂದು ಯಾರೂ ಕೇಳಲಿಲ್ಲವಂತೆ. ಐದು ತಿಂಗಳು ಆ ಹೋಳಿಗೆ ಅವರ ಹೊಟ್ಟೆಯಲ್ಲಿ ಹೂರಣವಾಗದೆ ಸಿಟ್ಟಾಗಿ ಕೂತಿತ್ತು. ಅಪ್ಪ ಕ್ಷಮೆ ಕೇಳಿ ಕಾಗದ ಬರೆದ. ಬರೆದವನು ಸುಮ್ಮನಿರದೆ ಅತಿಥಿಯ ಮಹತ್ವದ ಮೇಲೆ ಒಂದು ಶ್ಲೋಕ ಸೇರಿಸಿದ. ಅಲ್ಲಿ ಅದರ ಅರ್ಥ ಯಾರಿಗೂ ಆಗಲಿಲ್ಲ, ಅರ್ಥವಾಗದ್ದೆಲ್ಲ ಬೈಗುಳವೇ ಎಂದು ತಿಳಿದರು. ಗಾಯದ ಮೇಲೆ ಬರೆ ಎಳೆದಂತಾಯಿತು.

ನಾನು ಹಿತ್ತಲು ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದೆ. ಬೀದಿಬಾಗಿಲಿಗೆ ಬಂದರೆ ಸಾಕು, ಯಾವಾಗ ಹೊಂಟಿ ಎಂದು ಒಬ್ಬರಾದರೂ ಕೇಳುತ್ತಿದ್ದರು. ಆದರೆ ಹಿತ್ತಲಲ್ಲಿ ಅದಕ್ಕಿಂತ ದೊಡ್ಡ ಪೀಡೆ ಇತ್ತು. ನಮ್ಮ ಮನೆತನದಲ್ಲಿ ಮದುವೆಯ ಬಾಸಿಂಗಗಳನ್ನು, ಗಂಡಿನದು ಹೆಣ್ಣಿನದು ಎರಡನ್ನೂ ಕೂಡಿಸಿ ಕಟ್ಟಿ, ಹೆಣ್ಣಿನ ಮನೆಯ ಹಿತ್ತಲ ಬಾವಿಗೆ ಬಿಡುವ ಪದ್ಧತಿ. ಅವು ಕರಗಿ ನೀರಾದರೆ ಸಂಸಾರ ಕೂಡಿತು ಎಂಬ ನಂಬಿಕೆ. ಮೊದಲು ಬಾಸಿಂಗವನ್ನು ಕೆರೆಯಂಚಿನ ಬೆಂಡಿನಿಂದ ಮಾಡುತ್ತಿದ್ದರು, ಹಗುರಾದ ಬಿಳಿ ತಿರುಳು, ವಾರದೊಳಗೆ ಕೊಳೆತು ತಳ ಸೇರುತ್ತಿತ್ತು. ನನ್ನ ಮದುವೆಯ ಹೊತ್ತಿಗೆ ಥರ್ಮಾಕೋಲ್ ಬಂದಿತ್ತು. ಬೆಂಡಿಗಿಂತ ಬೆಳ್ಳಗೆ, ಎಷ್ಟು ಚಂದ ಎಂದು ಅವ್ವನೇ ಆರಿಸಿ ತಂದಿದ್ದಳು. ಜರಿ, ಮಣಿ, ಬಣ್ಣದ ಕಾಗದ ಎಲ್ಲ ಬಿಟ್ಟುಹೋಗಿ ಆ ಬಿಳಿಯ ಎರಡು ತುಂಡುಗಳು ಒಂದಕ್ಕೊಂದು ಕಟ್ಟಿಕೊಂಡು ಇನ್ನೂ ತೇಲುತ್ತಿದ್ದವು. ನೀರು ಸೇದಲು ಹೋದರೆ ಕೊಡದ ಬಾಯಿಗೇ ಬರುತ್ತಿದ್ದವು. ಅವ್ವ ಅವನ್ನು ಕೊಡದಿಂದ ಆಚೆ ನೂಕಿ, ನನ್ನ ಮುಖ ನೋಡದೆ, ನೀರು ಸೇದುತ್ತಿದ್ದಳು.

ಕಡೆಗೆ ಅವ್ವನಿಗೆ ತಡೆಯಲಾಗಲಿಲ್ಲ. ಆ ಬಾಸಿಂಗ ಕೊಂಡಿದ್ದು ಹಾನಗಲ್ಲಿನ ಪೇಟೆಯಲ್ಲಿ ಗಂಗವ್ವನೆಂಬಾಕೆಯ ಮದುವೆ ಸಾಮಾನಿನ ಅಂಗಡಿಯಲ್ಲಿ. ಅಲ್ಲಿಗೇ ಹೋಗಿ ಜಗಳ ತೆಗೆದಳು. ಗಂಗವ್ವ ಗಟ್ಟಿ ಹೆಂಗಸು, ಹಣೆಯ ತುಂಬ ಕುಂಕುಮ, ಮಾತಿನಲ್ಲಿ ಯಾರಿಗೂ ಸೋತವಳಲ್ಲ. ಬೆಂಡು ತರುವವರೇ ಉಳಿದಿಲ್ಲ, ನಾನೇನು ಕೆರೆಗೆ ಇಳಿಯಲೇ ಎಂದು ತಿರುಗಿ ಕೇಳಿದಳಂತೆ. ಅವ್ವ ಸಿಟ್ಟಿನಲ್ಲಿ, ಹಂಗಾದರೆ ನಾವೇ ಕರಗುವಂಥದ್ದನ್ನು ಮಾಡಿಕೊಡುತ್ತೇವೆ ಎಂದು ಮಾತು ಬಿಟ್ಟು ಬಂದಳು. ಬಸ್ಸು ಇಳಿದ ಮೇಲೆ, ಏನು ಮಾಡಿಕೊಡುವುದು ಎಂದು ನನ್ನನ್ನು ಕೇಳಿದಳು.

ರದ್ದಿ ಅರೆದು ಬುಟ್ಟಿ ಮಾಡುವುದು ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತಿದ್ದ ಕೆಲಸ. ಕಾಗದ ನೆನೆಹಾಕಿ, ನೆನೆದ ಮೆಂತ್ಯ ಸೇರಿಸಿ, ಒರಳಿನಲ್ಲಿ ರುಬ್ಬಿ, ಬೋರಲು ಹಾಕಿದ ಕೊಡದ ಮೇಲೆ ಮೆತ್ತಿ ಒಣಗಿಸುತ್ತಿದ್ದರು. ಆದರೆ ಅದು ಭಾರ. ಹಣೆಗೆ ಕಟ್ಟಿದರೆ ಮದುಮಗಳು ಕತ್ತು ಬಗ್ಗಿಸಿಯೇ ಇರಬೇಕಾದೀತು. ನಮ್ಮ ಆಕಳಿಗೆಂದು ತಿಳವಳ್ಳಿಯ ಕಡೆಯಿಂದ ಗೋವಿನಜೋಳದ ದಂಟು ತರಿಸುತ್ತಿದ್ದೆವು. ಆಕಳು ಎಲೆ ತಿಂದು ದಪ್ಪ ದಂಟನ್ನು ಬಿಡುತ್ತಿತ್ತು. ಅದನ್ನು ಸಿಗಿದರೆ ಒಳಗೆ ಬೆಂಡಿನಂಥದೇ ತಿರುಳು. ಅದನ್ನು ಪುಡಿ ಮಾಡಿ ರದ್ದಿಯ ಮುದ್ದೆಯಲ್ಲಿ ಕಲಸಿದೆ. ಗಂಜಿ ಹಾಕಿದರೆ ಬೇಗ ಬಿಗಿಯುತ್ತದೆ ಎಂದು ನನಗೆ ಅನಿಸಿತು, ಆದರೆ ಗಂಜಿ ಅಂದರೆ ಬೆಂದ ಅನ್ನ, ಅದು ಮುಸುರಿ, ಮಂಗಳಕಾರ್ಯದ ಸಾಮಾನಿಗೆ ಸಲ್ಲದು ಎಂದು ಅವ್ವ ಪಾತ್ರೆಯನ್ನೇ ಎತ್ತಿಟ್ಟಳು. ಅಂಟಿಗೆ ಮೆಂತ್ಯವೇ ಗತಿಯಾಯಿತು.

ಅಪ್ಪನ ತೊಂದರೆ ಬೇರೆ. ಅಕ್ಷರವಿರುವ ಕಾಗದವೆಂದರೆ ಸರಸ್ವತಿ, ಅದನ್ನು ಒರಳಿಗೆ ಹಾಕುವುದು ಹೇಗೆ? ಒಂದು ದಿನ ಯೋಚಿಸಿ ತಾನೇ ದಾರಿ ಕಂಡುಕೊಂಡ. ಪ್ರತಿ ಹಾಳೆಯನ್ನೂ ಕಣ್ಣಿಗೆ ಒತ್ತಿಕೊಂಡು, ದೇವರ ಹೆಸರು, ಚಿತ್ರ, ಶ್ರೀಕಾರ ಇರುವ ಭಾಗವನ್ನು ಹರಿದು ಬೇರೆ ಇಡತೊಡಗಿದ. ನನ್ನ ಮದುವೆಯ ಉಳಿದ ಲಗ್ನಪತ್ರಿಕೆಗಳು ಒಂದು ಕಟ್ಟು ಇದ್ದವು, ಅವನ್ನೂ ಹರಿದ. ದೇವರ ಹೆಸರು ಮೇಲಿದ್ದವು, ಬೇರೆಯಾದವು. ನನ್ನ ಹೆಸರೂ ಗಂಡನ ಹೆಸರೂ ಒರಳಿಗೆ ಬಂದವು. ಅಪ್ಪ ಕೊಡುವಾಗ ನಾಚಿದ, ನಾನು ತೆಗೆದುಕೊಳ್ಳುವಾಗ ನಾಚಿದೆ.

ಆ ವರ್ಷದ ಮಳೆ ಬಿಟ್ಟೂ ಬಿಡದಂಥದು. ಬಿಸಿಲಿನ ಮುಖ ಕಾಣದೆ, ಮುದ್ದೆಯನ್ನು ತೆಳ್ಳಗೆ ತಟ್ಟಿ ಮಾಡಿದ ಮೊದಲ ಹಲಗೆಗಳಿಗೆ ಬೂಸರು ಬಂತು, ಮುಂದಿನವು ಒಡೆದು ಬಾಯಿ ಬಿಟ್ಟವು. ಬಚ್ಚಲಿನ ಒಲೆಯ ಮೇಲೆ ಗಳ ಕಟ್ಟಿ ಹೊಗೆಗೆ ಒಣಗಿಸಿದೆವು. ಮನೆಯೆಲ್ಲ ಮೆಂತ್ಯ, ಹೊಗೆ, ಹಸಿ ಕಾಗದ ನಾರತೊಡಗಿತು. ಎಲೆಗೆ ಹಚ್ಚುವ ಸುಣ್ಣವನ್ನೇ ತೆಳ್ಳಗೆ ಕದಡಿ ಬಳಿದೆ, ಬೆಳ್ಳಗಾದವು. ಕೈಯಲ್ಲಿ ಹಿಡಿದರೆ ಹಪ್ಪಳದಷ್ಟು ಹಗುರ. ಒಂದು ತುಂಡನ್ನು ಅಪ್ಪ ಬಕೆಟ್ಟಿನ ನೀರಿನಲ್ಲಿ ಬಿಟ್ಟು ಎದುರಿಗೆ ಮಣೆ ಹಾಕಿಕೊಂಡು ಕೂತ, ಸಂಧ್ಯಾವಂದನೆಗೆ ಎದ್ದವನು ಮತ್ತೆ ಬಂದು ಕೂತ. ಮಾರನೆಯ ದಿನ ಅದು ಅಂಬಲಿಯಾಗಿತ್ತು. ಅಪ್ಪ ಆ ಬಕೆಟ್ಟನ್ನು ಅವ್ವನಿಗೆ, ನನಗೆ, ಕಡೆಗೆ ಆಕಳಿಗೂ ತೋರಿಸಿದ.

ಸುಳ್ಳೇಕೆ ಹೇಳಲಿ, ಆ ದಿನಗಳಲ್ಲಿ ನನಗೆ ಸುಖವಿತ್ತು. ಒರಳು ತಿರುಗಿಸುವಾಗ ಹಿರೇಕೆರೂರು ನೆನಪಾಗುತ್ತಿರಲಿಲ್ಲ. ನೆನಪಾಗಲಿಲ್ಲವಲ್ಲ ಎಂದು ಮಲಗುವಾಗ ನಾಚಿಕೆಯಾಗುತ್ತಿತ್ತು. ಗಂಡ ಕರೆಯದ ಹೆಣ್ಣು ಇಷ್ಟು ಚೆನ್ನಾಗಿ ಉಣ್ಣಬಾರದು, ಇಷ್ಟು ಗಾಢವಾಗಿ ನಿದ್ದೆ ಮಾಡಬಾರದು ಎಂದು ನನಗೆ ನಾನೇ ಬೈದುಕೊಳ್ಳುತ್ತಿದ್ದೆ.

ಗಂಗವ್ವ ಹಲಗೆಗಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ ಒಪ್ಪಿಕೊಂಡಳು. ಶ್ರಾವಣದ ಲಗ್ನಗಳು ಬಂದವು. ಅವಳ ಅಂಗಡಿಯಲ್ಲೇ ಬಣ್ಣದ ಕಾಗದ, ಜರಿ ಹಚ್ಚಿ ಬಾಸಿಂಗ ಮಾಡಿ ಮಾರಿದರು. ಯಾರು ಮಾಡಿದ್ದು ಎಂದು ಅವಳು ಕೇಳಿದ್ದಕ್ಕೆ ಅವ್ವ, ನಮ್ಮ ಮನೆಯಲ್ಲಿ ಎಂದಷ್ಟೇ ಹೇಳಿದ್ದಳು. ಎರಡನೆಯ ಗಂಟು ಸಿದ್ಧವಾದಾಗ ಅವ್ವನಿಗೆ ಜ್ವರ. ಅಪ್ಪ, ನಾನು ಹೊರಟೆವು. ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿ, ಬಂಕಾಪುರ ದಾಟಿ ಹಾನಗಲ್ಲು ಮುಟ್ಟುವವರೆಗೆ ಅಪ್ಪ ಗಂಟನ್ನು ಮಡಿಲಲ್ಲಿ ಕೂಸಿನ ಹಾಗೆ ಇಟ್ಟುಕೊಂಡಿದ್ದ. ಪಕ್ಕದವರು ಏನದು ಎಂದು ಕೇಳಿದರೆ ಸಾಕು, ದಂಟಿನಿಂದ ಹಿಡಿದು ಬಕೆಟ್ಟಿನವರೆಗೆ ಎಲ್ಲವನ್ನೂ ಹೇಳುತ್ತಿದ್ದ. ನಾನು ಕಿಟಕಿಯ ಕಡೆ ಮುಖ ಮಾಡಿ, ಸೆರಗು ಹೊದ್ದು ಕೂತಿದ್ದೆ.

ಗಂಗವ್ವ ನಮ್ಮನ್ನು ಕಂಡವಳೇ ಅಂಗಡಿಯ ಮುಂದೆ ನಿಲ್ಲಗೊಡದೆ ಒಳಕೋಣೆಗೆ ಕರೆದು ಚಾಪೆ ಹಾಸಿದಳು. ಗಂಟನ್ನು ಕೈಯಲ್ಲಿ ಮುಟ್ಟಲಿಲ್ಲ.

“ಮಾಸ್ತರ್ರ, ಕೆಲಸ ಚಲೋ ಐತ್ರಿ. ಆದ್ರ ಇದು ಹಣಿಗೆ ಕಟ್ಟೂ ಸಾಮಾನು. ಕೈ ಯಾರದು ಅಂತ ಮಂದಿ ಕೇಳ್ತಾರ” ಎಂದಳು.

ನಡೆದದ್ದು ಇಷ್ಟು. ನನ್ನ ಅತ್ತೆಯ ಓಣಿಯ ಹೆಂಗಸೊಬ್ಬಳು ಯಾವುದೋ ಲಗ್ನದ ಸಾಮಾನಿಗೆ ಅಂಗಡಿಗೆ ಬಂದಿದ್ದಳು. ಬಾಸಿಂಗ ಹಗುರಾಗಿದೆಯಲ್ಲ ಎಂದಳು. ಗಂಗವ್ವ ಹೆಮ್ಮೆಯಿಂದ, ಸವಣೂರಿನ ಸಂಸ್ಕೃತ ಮಾಸ್ತರರ ಮನೆಯದು ಎಂದಳು. ಅಯ್ಯ, ಅವರ ಮಗಳನ್ನು ಗಂಡ ಕರೆಯದೆ ಬಿಟ್ಟಿದ್ದಾನಲ್ಲ, ಗಂಡ ಬಿಟ್ಟಾಕಿಯ ಕೈಯಿಂದ ಮಾಡಿದ್ದನ್ನು ಮದುಮಗಳ ಹಣೆಗೆ ಕಟ್ಟುವುದೇ ಎಂದು ಆ ಹೆಂಗಸು ಕೈಯಲ್ಲಿದ್ದದ್ದನ್ನು ಕೆಳಗಿಟ್ಟಳು. ಮಾತು ಅಂಗಡಿಯಿಂದ ಸಂತೆಗೆ, ಸಂತೆಯಿಂದ ಊರೂರಿಗೆ ಹೋಯಿತು. ಒಂದು ಹಳ್ಳಿಯಲ್ಲಿ ಹಂದರದ ಕೆಳಗೆ ಆಗಲೇ ಕಟ್ಟಿದ್ದ ಬಾಸಿಂಗಗಳನ್ನು ಹಿರಿಯರು ಬಿಚ್ಚಿಸಿದರಂತೆ. ಮದುಮಗಳು ಅತ್ತಳಂತೆ. ಇದ್ದ ಇನ್ನೊಂದು ಜೊತೆಯನ್ನೂ ಸೇರಿಸಿ ಕೆರೆಗೆ ಎಸೆದು, ಥರ್ಮಾಕೋಲಿನದನ್ನು ತರಿಸಿ ಅಕ್ಷತೆ ಹಾಕಿದರಂತೆ.

ನಾನು ಚಾಪೆಯ ಕಡ್ಡಿಯನ್ನು ಕೀಳುತ್ತಾ ಕೂತಿದ್ದೆ. ಆ ಹುಡುಗಿಯ ಹಣೆಯ ಮೇಲೆ ನಾನು ಮಾಡಿದ್ದು ಒಂದು ಗಳಿಗೆ ಇತ್ತು, ಆಮೇಲೆ ನನ್ನ ಕಾರಣಕ್ಕೆ ಅದನ್ನು ಕಿತ್ತರು. ಅವಳ ಮುಖವನ್ನು ನಾನು ಕಂಡಿಲ್ಲ, ಹೆಸರು ಗೊತ್ತಿಲ್ಲ. ಇಂದಿಗೂ ಎಲ್ಲಿಯಾದರೂ ಬಾಸಿಂಗ ಕಟ್ಟುವ ಹೊತ್ತಿಗೆ ನಾನು ಅಡುಗೆಮನೆಯ ಕಡೆ ಹೋಗಿಬಿಡುತ್ತೇನೆ.

“ಕೆರಿಯೊಳಗ ಏನಾದವು?” ಎಂದು ಅಪ್ಪ ಕೇಳಿದ.

ಗಂಗವ್ವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ, ಎರಡು ದಿನ ಬಿಟ್ಟು ನೀರಿಗೆ ಹೋದವರು ಹುಡುಕಿದರೆ ಒಂದು ಚೂರೂ ಇರಲಿಲ್ಲವಂತೆ, ಜರಿ ಮಾತ್ರ ದಂಡೆಗೆ ಹತ್ತಿತ್ತಂತೆ ಎಂದಳು. ಅಪ್ಪನ ಮುಖ ಅರಳಿತು. ಎಂಥ ಹೊತ್ತಿನಲ್ಲಿ ಅರಳಿತು ಎಂದು ನೆನಪಾಗಿ ಕೂಡಲೇ ತಲೆ ತಗ್ಗಿಸಿದ. ಆ ಅರೆಗಳಿಗೆ ನನಗೂ ಎದೆಯಲ್ಲಿ ಏನೋ ಜಿಗಿದಿತ್ತು. ಅದಕ್ಕೂ ನಾಚಿದೆ.

ಅಪ್ಪ ಬಸ್ಸಿನ ಹೊತ್ತು ವಿಚಾರಿಸಲು ಹೊರಗೆ ಹೋದಾಗ ಗಂಗವ್ವ ನನ್ನ ಹತ್ತಿರ ಸರಿದು ಕೂತಳು. ದನಿ ಇಳಿಸಿದಳು.

“ತಂಗಿ, ನಾನೂ ಗಂಡ ಬಿಟ್ಟಾಕಿನ. ನಮ್ಮೂರು ದೂರ, ಇಲ್ಲೆ ಯಾರಿಗೂ ಗೊತ್ತಿಲ್ಲ. ಗಂಡ ಪರಊರಾಗ ದುಡಿಯಾಕತ್ತಾನ ಅಂತ ಹೇಳಿಕೊಂಡು ಕುಂಕುಮ ಹಚ್ಚಾಕತ್ತೇನಿ. ಈ ತಾಲೂಕಿನ್ಯಾಗ ಎಷ್ಟು ಮಂದಿ ನನ್ನ ಕೈಯಾಗಿನ ಬಾಸಿಂಗ ಕಟ್ಟಿಕೊಂಡು ಚಂದಾಗಿ ಬಾಳ್ವಿ ಮಾಡ್ಯಾರ. ಆದ್ರ ಮಾಡಿದಾಕಿ ಯಾರು ಅಂತ ಕೇಳಿದವರು ನಾಳೆ ಮಾರಾಕಿ ಯಾರು ಅಂತ ಕೇಳ್ತಾರ. ನನಗ ಅಂಜಿಕಿ ಆಗೇತಿ. ಸಿಟ್ಟು ಮಾಡಿಕೊಬ್ಯಾಡ.”

ಸಿಟ್ಟು ಎಲ್ಲಿಂದ ಬರಬೇಕು? ಅಷ್ಟು ಗಟ್ಟಿ ಹೆಂಗಸು ನನ್ನೆದುರು ಸೆರಗಿನ ತುದಿ ಹಿಂಡುತ್ತಿದ್ದಳು. ನೋಡಲಾಗಲಿಲ್ಲ. ಅವಳೇ ಇನ್ನೊಂದು ದಾರಿಯನ್ನೂ ಹೇಳಿದಳು. ಶಿಗ್ಗಾವಿಯ ಬಸ್‌ಸ್ಟ್ಯಾಂಡಿನ ಎದುರಿಗೆ ಅವಳ ಪರಿಚಯದ ಗಾಜಿನ ವ್ಯಾಪಾರಿಯಿದ್ದ. ಕಂದೀಲಿನ ಗಾಜುಗಳನ್ನು ಹಳ್ಳಿಗಳಿಗೆ ಕಳಿಸುವಾಗ ಹುಲ್ಲಿನಲ್ಲಿ ಕಟ್ಟಿದರೆ ಒಡೆಯುತ್ತಿದ್ದವು, ಥರ್ಮಾಕೋಲ್ ಬೇಕಾದಾಗ ಸಿಗುತ್ತಿರಲಿಲ್ಲ. ನಿನ್ನ ಹಲಗೆಯನ್ನು ಗಾಜಿನ ಆಕಾರಕ್ಕೆ ಮಾಡು, ಕಂದೀಲಿಗೆ ಹಣೆಯಿಲ್ಲ, ಮಾಡಿದ ಕೈಯನ್ನು ಯಾರೂ ಕೇಳುವುದಿಲ್ಲ ಎಂದಳು.

ಮನೆಗೆ ಬಂದು ಅದನ್ನೂ ಮಾಡಿದೆವು. ಕಂದೀಲಿನ ಗಾಜಿಗೆ ಬಟ್ಟೆ ಸುತ್ತಿ, ಅದರ ಮೇಲೆ ಮುದ್ದೆ ಮೆತ್ತಿ, ಅರೆ ಒಣಗಿದಾಗ ನಡುವೆ ಸೀಳಿ ಎರಡು ಬಟ್ಟಲಾಗಿಸಿದೆ. ಗಾಜನ್ನು ಒಳಗಿಟ್ಟು ದಾರ ಕಟ್ಟಿ ಅಪ್ಪ ಜಗಲಿಯ ಮೇಲಿಂದ ಅಂಗಳಕ್ಕೆ ಬಿಟ್ಟ. ಅವ್ವ ಕಣ್ಣು ಮುಚ್ಚಿಕೊಂಡಳು. ಬಿಚ್ಚಿ ನೋಡಿದರೆ ಗಾಜಿಗೆ ಕೂದಲೆಳೆಯ ಬಿರುಕೂ ಇರಲಿಲ್ಲ. ಶಿಗ್ಗಾವಿಯ ವ್ಯಾಪಾರಿಗೆ ಹೇಳಿ ಕಳಿಸಿದೆವು. ತಂದು ತೋರಿಸಿ, ಸರಿ ಕಂಡರೆ ಮಳೆಗಾಲವಿಡೀ ಕೆಲಸ ಕೊಡುತ್ತೇನೆ ಎಂದು ಅವನೂ ಹೇಳಿ ಕಳಿಸಿದ. ಹೋಗುವ ದಿನವೂ ಗೊತ್ತಾಯಿತು.

ಅದರ ಹಿಂದಿನ ಸಂಜೆ ನನ್ನ ಗಂಡ ಬಂದ. ಜೊತೆಗೆ ಹೋಳಿಗೆಯ ಸೋದರಮಾವ. ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಚಹಾ ಕೊಟ್ಟ ಮೇಲೆ ಮಾವ ಗಂಟಲು ಸರಿಮಾಡಿಕೊಂಡ. ಹಳೆಯದನ್ನು ಮರೆತಿದ್ದೇವೆ, ನಾಳೆ ಸೊಸೆಯನ್ನು ಕರೆದೊಯ್ಯುತ್ತೇವೆ ಎಂದ. ಅವ್ವ ದೇವರ ಕೋಣೆಯ ಕಡೆ ಕೈಮುಗಿದಳು. ಆದರೆ ಮಾವನಿಗೆ ಅಷ್ಟಕ್ಕೇ ನಿಲ್ಲಿಸುವ ಬುದ್ಧಿ ಇರಲಿಲ್ಲ. ತಮ್ಮ ಸೊಸೆ ಸಂತೆಗೆ ಬಾಸಿಂಗ ಮಾಡಿ ಮಾರುತ್ತಾಳೆ ಎಂದು ಹಿರೇಕೆರೂರಿನಲ್ಲಿ ಜನ ನಗುತ್ತಿದ್ದಾರೆ, ತಲೆ ಎತ್ತಿ ತಿರುಗುವ ಹಾಗಿಲ್ಲ, ಇನ್ನು ಮೇಲೆ ಈ ರದ್ದಿ, ದಂಟು, ಒರಳು ಏನೂ ಇರಕೂಡದು ಎಂದ. ಹಂಗಂದರೆ ಅವರು ಬಂದದ್ದು ನನಗಾಗಿ ಅಲ್ಲ. ಅವರಿಗೂ ನಾಚಿಕೆಯಾಗಿತ್ತು, ಅದಕ್ಕೆ ಬಂದಿದ್ದರು. ಗಂಡ ಚಹಾದ ಬಟ್ಟಲನ್ನೇ ನೋಡುತ್ತಿದ್ದ. ಕೆಟ್ಟವನಲ್ಲ, ಆಗಲೂ ಅಲ್ಲ, ಆಮೇಲೂ ಅಲ್ಲ. ಹಿರಿಯರ ಮುಂದೆ ಬಾಯಿ ತೆರೆಯುವುದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ.

ಅಪ್ಪ ನನ್ನನ್ನು ಕರೆದ. ಅಷ್ಟು ಜನರೆದುರು, ಸೋದರಮಾವನೆದುರು, ನನ್ನನ್ನು ನೋಡಿ ಕೇಳಿದ:

“ನಾಳೆ ಶಿಗ್ಗಾವಿಗೆ ಹೋಗೂದೋ, ಹಿರೇಕೆರೂರಿಗೆ ಹೋಗೂದೋ? ನೀ ಹೇಳವಾ.”

ನನ್ನ ಇಪ್ಪತ್ತೆರಡು ವರ್ಷಗಳಲ್ಲಿ ಅಪ್ಪ ನನ್ನನ್ನು ಹೀಗೆ ಕೇಳಿದ್ದು ಅದೇ ಮೊದಲು. ವರ ನೋಡಿದಾಗ ಕೇಳಿರಲಿಲ್ಲ, ಕಾಲೇಜು ಬಿಡಿಸಿದಾಗ ಕೇಳಿರಲಿಲ್ಲ. ಅವ್ವ ಬಾಗಿಲ ಮರೆಯಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು, ಅವಳ ಕಣ್ಣಲ್ಲಿ ಓಣಿಯ ಹೆಂಗಸರೆಲ್ಲ ಕೂತಿದ್ದರು. ಹಿರೇಕೆರೂರಿಗೆ ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಎರಡನೆಯ ಸಲ ಹೇಳಬೇಕಾಯಿತು. ಅಪ್ಪ ತಲೆಯಾಡಿಸಿ, ಆತು ಎಂದ.

ಮರುದಿನ ಬೆಳಿಗ್ಗೆ ಅವ್ವ ಎದ್ದು ನೋಡಿದರೆ ಅಪ್ಪ ಇಲ್ಲ, ಗಾಜು ಕೂರಿಸುವ ಬಟ್ಟಲುಗಳ ಗಂಟೂ ಇಲ್ಲ. ವ್ಯಾಪಾರಿಗೆ ಮಾತು ಕೊಟ್ಟಿದ್ದೇವೆ, ತೋರಿಸಿ ಮಧ್ಯಾಹ್ನದೊಳಗೆ ಬರುತ್ತೇನೆ ಎಂದು ಪಕ್ಕದವರಿಗೆ ಹೇಳಿ ಹೋಗಿದ್ದನಂತೆ. ಮಗಳನ್ನು ಕಳಿಸುವ ದಿನವೂ ಈ ಮನುಷ್ಯನಿಗೆ ಬುದ್ಧಿಯಿಲ್ಲ ಎಂದು ಅವ್ವ ಬೈಯುತ್ತಲೇ ಉಡಿ ತುಂಬಿದಳು. ಮಧ್ಯಾಹ್ನವಾಯಿತು, ಅಪ್ಪ ಬರಲಿಲ್ಲ. ಮಳೆಗೆ ಬಸ್ಸುಗಳು ತಡವಾಗುತ್ತಿದ್ದವು. ಸೋದರಮಾವ ರಾಹುಕಾಲ ಬರುತ್ತದೆ ಎಂದು ಅವಸರ ಮಾಡಿದ. ಅಪ್ಪನ ಕಾಲಿಗೆ ಬೀಳದೆ ನಾನು ಮನೆ ಬಿಟ್ಟೆ.

ಶಿಗ್ಗಾವಿಯಲ್ಲಿ ನಮ್ಮ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಸೋದರಮಾವ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ. ಮಳೆಗೆಂದು ಕಿಟಕಿಗೆ ಇಳಿಬಿಟ್ಟ ತಾಡಪತ್ರಿಯನ್ನು ಸರಿಸಿ ನೋಡಿದೆ. ಎದುರಿನ ಗಾಜಿನ ಅಂಗಡಿಯ ಮುಂದೆ ಏಳೆಂಟು ಜನ ಗುಂಪುಗೂಡಿದ್ದರು. ನಡುವೆ ಅಪ್ಪ. ಧೋತರ ಮೊಣಕಾಲಿನವರೆಗೆ ಕೆಸರು, ಅಂಗಾರ ಅಕ್ಷತೆ ಹಚ್ಚಿದ ಹಣೆಯಿಂದ ಮಳೆನೀರು ಇಳಿಯುತ್ತಿತ್ತು. ದಾರ ಕಟ್ಟಿದ ಬಟ್ಟಲನ್ನು ತಲೆಯ ಮಟ್ಟಕ್ಕೆ ಎತ್ತಿ ನೆಲಕ್ಕೆ ಬಿಟ್ಟ. ಗುಂಪು ನಕ್ಕಿತು. ದೊಂಬರಾಟ ನೋಡಿದ ಹಾಗೆ ಯಾರೋ ಚಪ್ಪಾಳೆ ತಟ್ಟಿದರು. ಅಪ್ಪ ಬಗ್ಗಿ ಹೆಕ್ಕಿಕೊಂಡ.

ಗಂಡ ನನ್ನ ಭುಜದ ಮೇಲಿಂದ ನೋಡಿ, “ಅಲ್ಲೆ ನಿಂತವರು ಯಾರು? ನಿಮ್ಮ ಅಪ್ಪ ಅಲ್ಲಲಾ?” ಎಂದ. ನಾನು ಅಲ್ಲ ಎನ್ನಲಿ ಎಂದೇ ಅವನು ಕೇಳಿದ್ದ, ಅದು ಅವನ ದನಿಯಲ್ಲೇ ಇತ್ತು. ಮುಂದಿನ ಸೀಟಿನಲ್ಲಿ ಸೋದರಮಾವ ಎಚ್ಚರಾಗಿದ್ದ.

“ಹೌದು, ನಮ್ಮ ಅಪ್ಪನ. ಅವನ ಕೈಯಾಗ ಇರೂದು ನಾ ಮಾಡಿದ್ದು” ಎಂದೆ.

ಬಸ್ಸಿನ ಅರ್ಧ ಜನ ತಿರುಗಿ ನೋಡಿದರು. ಗಂಡ ಕಿಟಕಿಯಿಂದ ಹಿಂದೆ ಸರಿದು ಕೂತ. ನಾನು ತಾಡಪತ್ರಿಯನ್ನು ಪೂರ್ತಿ ಎತ್ತಿ, ತಲೆಯನ್ನು ಮಳೆಗೆ ಹಾಕಿ ಅಪ್ಪಾ ಎಂದು ಕೂಗಿದೆ. ಬಸ್ಸು ಹೊರಟಿತ್ತು. ಅಪ್ಪನಿಗೆ ಕೇಳಿಸಲಿಲ್ಲ. ಅವನು ದಾರ ಬಿಚ್ಚಿ ಗಾಜನ್ನು ಹೊರತೆಗೆದು, ಆ ಮಬ್ಬು ಬೆಳಕಿಗೆ ಹಿಡಿದು, ಎಲ್ಲಾದರೂ ಬಿರುಕಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.